ಹುಲ್ಲು ಇರೋ ಜಾಗ ಖಾಲಿ ಜಾಗ ಅಲ್ಲ

ಜೂನ್ 5 ಬಂದ್ರೆ ಎಲ್ರ ಸ್ಟೋರಿಯಲ್ಲೂ ಗಿಡ ನೆಡೋ ಫೋಟೋ. ನೆಡೋದು ತಪ್ಪಲ್ಲ. ಆದ್ರೆ ಎಲ್ಲಿ ನೆಡ್ತಿದ್ದೀವಿ ಅಂತ ಕೇಳೋರು ಕಮ್ಮಿ. ಹುಲ್ಲು ಕಂಡ್ರೆ ಸಾಕು, "ಖಾಲಿ ಬಿದ್ದಿದೆ, ಕಾಡು ಮಾಡೋಣ" ಅಂತೀವಿ. ನನ್ನ ತಕರಾರು ಇದಕ್ಕೇ.

ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟ ನೋಡಿ. ಒಂದೇ ಬೆಟ್ಟಸಾಲಲ್ಲಿ ನಿತ್ಯಹರಿದ್ವರ್ಣ ಕಾಡೂ ಇದೆ, ಹುಲ್ಲಿನ ನಡುವೆ ಬಿಡಿಬಿಡಿಯಾಗಿ ಮರ ನಿಂತಿರೋ ಸವನ್ನಾನೂ ಇದೆ. ಇವೆರಡರ ಗಡಿಯನ್ನ ಮಳೆ ಒಂದೇ ತೀರ್ಮಾನಿಸಲ್ಲ. ಉಷ್ಣವಲಯದಲ್ಲಿ ಮಳೆ ತೀರಾ ಕಮ್ಮಿಯೂ ಅಲ್ಲ, ತೀರಾ ಜಾಸ್ತಿಯೂ ಅಲ್ಲ ಅನ್ನೋ ಕಡೆ, ಅಷ್ಟೇ ಮಳೆಗೆ ದಟ್ಟ ಕಾಡೂ ಬೆಳೆಯಬಹುದು, ಸವನ್ನಾನೂ ಉಳಿಯಬಹುದು. ಅಲ್ಲಿ ದೊಡ್ಡ ವ್ಯತ್ಯಾಸ ಮಾಡೋದು ಬೆಂಕಿ.

ಹೇಗೆ ಅಂದ್ರೆ, ಒಣಹುಲ್ಲಲ್ಲಿ ಬೆಂಕಿ ಹರಡುತ್ತೆ. ತೆಳು ತೊಗಟೆಯ ಕಾಡಿನ ಸಸಿ ಸಾಯುತ್ತೆ, ದಪ್ಪ ತೊಗಟೆಯ ಸವನ್ನಾ ಮರ ಬದುಕುತ್ತೆ. ಬೆಂಕಿ ನಿಂತ್ರೆ ಮರ ಒತ್ತಾಗುತ್ತೆ, ನೆರಳು ಬೀಳುತ್ತೆ, ಬಿಸಿಲಿಲ್ಲದೆ ಹುಲ್ಲು ಹೋಗುತ್ತೆ. ಹುಲ್ಲನ್ನೇ ನಂಬಿರೋ ಪ್ರಾಣಿಗಳ ಮೇವೂ ಹೋಗುತ್ತೆ.

ಈ ಬೆಟ್ಟದ ಸೋಲಿಗರಿಗೆ ಇದು ತಲೆಮಾರುಗಳಿಂದ ಗೊತ್ತು. ಬೇಸಿಗೆ ಬಿರುಸಾಗೋ ಮೊದಲೇ ಉದುರಿದ ಎಲೆಗೆ ಸಣ್ಣದಾಗಿ ಬೆಂಕಿ ಇಡ್ತಿದ್ರು. ಅದಕ್ಕೆ "ತರಗು ಬೆಂಕಿ" ಅಂತ ಹೆಸರು. 1974ರಲ್ಲಿ ವನ್ಯಜೀವಿಧಾಮ ಆದ ಮೇಲೆ ಇದಕ್ಕೆ ತಡೆ ಬಿತ್ತು. ಬೆಂಕಿ ನಿಂತಲ್ಲಿ ಒಳ್ಳೆ ಕಾಡು ಬಂತಾ? ಬಹಳ ಕಡೆ ಬಂದಿದ್ದು ಲಂಟಾನ. ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆ ಅಂತ ತಂದ ಅಮೆರಿಕ ಖಂಡದ ಪೊದೆ. ಬೆಂಕಿ ನಿಂತಿದ್ದಕ್ಕೇ ಲಂಟಾನ ಹೆಚ್ಚಾಯ್ತು, ನೆಲ್ಲಿ ಮರಕ್ಕೆ ಬದನಿಕೆ ಹತ್ತಿತು ಅನ್ನೋದು ಸೋಲಿಗರ ಮಾತು.

"2019ರಲ್ಲಿ ಬಂಡೀಪುರ ಸುಟ್ಟಿದ್ದು ಮರೆತ್ಯಾ?" ಅಂತ ಕೇಳ್ತೀರ. ಮರೆತಿಲ್ಲ. ಸಿಕ್ಕಾಪಟ್ಟೆ ಒಣಗಿದ ಮೇಲೆ ಹತ್ತೋ ದೊಡ್ಡ ಬೆಂಕಿ ಬೇರೆ, ಕಾಲ ನೋಡಿ, ಜಾಗ ನೋಡಿ ಇಡೋ ತರಗು ಬೆಂಕಿ ಬೇರೆ. ಹಾಗಂತ ನೀವು ನಾವು ಹೋಗಿ ಕಡ್ಡಿ ಗೀರೋದಲ್ಲ. ಗೊತ್ತಿರೋರನ್ನ ಕೇಳಿ ಅಂತಿದ್ದೀನಿ ಅಷ್ಟೇ.

2011ರಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ತು. ಜೇನು, ನೆಲ್ಲಿ ಕೀಳೋದಕ್ಕೆ ಹಕ್ಕು ಇರೋರ ಮಾತಿಗೆ ಬೆಂಕಿ ವಿಷಯದಲ್ಲೂ ಬೆಲೆ ಇರಬೇಕು.

ನಮ್ಮ ಪಾಲಿನ ಕೆಲಸ ಸಣ್ಣದು. ಮುಂದಿನ ಜೂನ್‌ನಲ್ಲಿ ಗುಂಡಿ ತೋಡೋ ಮೊದಲು ಒಂದು ಪ್ರಶ್ನೆ ಕೇಳಿ: ಇಲ್ಲಿ ಮೊದಲು ಇದ್ದಿದ್ದು ಕಾಡಾ, ಹುಲ್ಲಾ? ಹುಲ್ಲು ಅಂತಾದ್ರೆ ಸಸಿನ ರಸ್ತೆ ಬದಿಗೋ ಕಾಲೇಜ್ ಕಾಂಪೌಂಡಿಗೋ ತಗೊಂಡು ಹೋಗಿ.

ನಿಮ್ಮೂರ ಹತ್ರ ಇಂಥ ಹುಲ್ಲಿನ ಜಾಗ ಇದೆಯಾ? ಕಾಮೆಂಟಲ್ಲಿ ಹೇಳಿ.