‘ವಿಮೆ ಇದೆ’ ಎಂದರೆ ಯಾರಿಗೆ ಇದೆ?

ಮುಂಬಯಿಯಲ್ಲಿ ಪರರ ಕಾರು ನಡೆಸಿ ಹೊಟ್ಟೆ ಹೊರೆಯುವ ನಮ್ಮ ಬಂಧುಗಳು ಕಡಿಮೆಯಿಲ್ಲ. ವಿಮೆಯ ಮಾತೆತ್ತಿದರೆ ಮಾಲಕರು ‘ಎಲ್ಲ ಇದೆ’ ಎಂದುಬಿಡುತ್ತಾರೆ. ಏನಿದೆ, ಯಾರಿಗಿದೆ ಎಂದು ನಾವು ಕೇಳುತ್ತೇವೆ.

1988ರ ಮೋಟಾರು ವಾಹನ ಕಾಯಿದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು. ಗಾಡಿ ಬಡಿದ ದಾರಿಹೋಕನಿಗೆ ಅದರಿಂದ ಪರಿಹಾರ. ನಜ್ಜುಗುಜ್ಜಾದ ಗಾಡಿಗೆ ಚಿಕ್ಕಾಸೂ ಇಲ್ಲ. ಗಾಡಿಗೂ ಬೇಕೆಂದವರು ಸ್ವಂತ ಹಾನಿಯ ವಿಮೆ ಸೇರಿಸಿ ‘ಸಮಗ್ರ’ ಪಾಲಿಸಿ ಕೊಳ್ಳುತ್ತಾರೆ. ಹೆಸರೇನೋ ದೊಡ್ಡದು! ಮಳೆನೀರಿನಲ್ಲಿ ನಿಂತ ಗಾಡಿಯನ್ನು ಚಾಲೂ ಮಾಡಲು ಹೋಗಿ ಇಂಜಿನು ಕೆಟ್ಟರೆ ಸಾಮಾನ್ಯವಾಗಿ ಹಣ ಸಿಗದು. ಇಂಜಿನು ರಕ್ಷಣೆಯನ್ನು ಬೇರೆಯೇ ಕೊಂಡಿರಬೇಕು. 2005ರ ಜುಲೈ 26ರ ನೆರೆ ಕಂಡ ಊರಿನವರಿಗೆ ಇದು ಸಣ್ಣ ಮಾತಲ್ಲ. ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೋ ಸವಕಳಿಯೆಂದು ಅರ್ಧ ಬೆಲೆ ಮುರಿದುಕೊಳ್ಳುತ್ತಾರೆ.

ಇರಲಿ, ಗಾಡಿ ಮಾಲಕರದು, ಅದರ ಚಿಂತೆಯೂ ಅವರದೇ. ನಮ್ಮ ಜಗಳ ಸ್ಟಿಯರಿಂಗ್ ಹಿಡಿದವನ ಬಗೆಗೆ. 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯೊಂದುಂಟು. ಅದು ಲೈಸೆನ್ಸುಳ್ಳ ಮಾಲಕನಿಗೆ ಮಾತ್ರ. ಸಂಬಳದ ಡ್ರೈವರನಿಗೆ ಸಲ್ಲದು. ಅವನ ಬಗೆಗಿನ ಕಾನೂನಿನ ಹೊಣೆಗೆ ಪಾಲಿಸಿಯಲ್ಲಿ ಬೇರೆ ಕಲಮೇ ಇದೆ. ಅದರ ಹೆಚ್ಚುವರಿ ಕಂತು ಒಮ್ಮೆ ಗಾಡಿ ತೊಳೆಸುವ ಖರ್ಚಿಗಿಂತ ಹೆಚ್ಚಲ್ಲ. ಅದನ್ನೂ ಉಳಿಸುವ ಶ್ರೀಮಂತಿಕೆಗೆ ಏನೆನ್ನೋಣ? ಡ್ರೈವರನ ಕಾಲು ಮುರಿದ ದಿನ ಬಂಪರಿಗೆ ಹಣ ಬರುತ್ತದೆ, ಕಾಲಿಗೆ ಬರುವುದಿಲ್ಲ.

ಕೆಲಸಕ್ಕೆ ನಿಲ್ಲುವ ಮುನ್ನ ಪಾಲಿಸಿಯನ್ನು ಕೇಳಿ ನೋಡಿರಿ. ‘ಪೇಡ್ ಡ್ರೈವರ್’ ಎಂಬ ಸಾಲಿನ ಮುಂದೆ ಹಣ ಕಾಣದಿದ್ದರೆ, ಅದನ್ನು ಕಟ್ಟುವ ತನಕ ಬೀಗದ ಕೈ ಮುಟ್ಟಬೇಡಿರಿ. ಇಂಗ್ಲಿಷು ಓದಬಾರದವರು ಕಾಗದವನ್ನು ಸಂಘದ ಕಚೇರಿಗೆ ತನ್ನಿರಿ.