ಫ್ಲಾರಿಡಾದ ಬಾಡಿಗೆ ತೆರಿಗೆ ಮತ್ತು ಡಿಸಾಂಟಿಸ್ ರಾಜಕಾರಣ

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ 2019ರಲ್ಲಿ ಗವರ್ನರ್ ಹುದ್ದೆ ವಹಿಸಿಕೊಂಡ ರಾನ್ ಡಿಸಾಂಟಿಸ್ ಅವರ ಹೆಸರು ಹೊರಜಗತ್ತಿಗೆ ಪರಿಚಿತವಾದದ್ದು ಶಾಲಾ ಪಠ್ಯ, ಲಿಂಗತ್ವ, ಗ್ರಂಥಾಲಯದ ಪುಸ್ತಕ ಮುಂತಾದ ವಿವಾದಗಳಿಂದ. ರಿಪಬ್ಲಿಕನ್ ಪಕ್ಷದ ಈ ಸಂಪ್ರದಾಯವಾದಿ ನಾಯಕರ ಬಳಿ ಸಾಂಸ್ಕೃತಿಕ ಸಮರವನ್ನು ಬಿಟ್ಟರೆ ಬೇರೆ ಸರಕಿಲ್ಲ ಎಂಬುದು ವಿರೋಧಿಗಳ ಆಕ್ಷೇಪಣೆ. ಆ ರಾಜ್ಯದ ತೆರಿಗೆ ಕಾನೂನುಗಳನ್ನು ಓದಿದವರಿಗೆ ಈ ಆಕ್ಷೇಪಣೆ ಪೂರ್ತಿ ಸರಿಯೆನಿಸದು.

ಅಂಗಡಿ, ಗೋದಾಮು, ಕಚೇರಿಗಳ ಬಾಡಿಗೆಯ ಮೇಲೆ ರಾಜ್ಯಮಟ್ಟದ ಮಾರಾಟ ತೆರಿಗೆ ವಿಧಿಸುತ್ತಿದ್ದ ಏಕೈಕ ಅಮೆರಿಕನ್ ರಾಜ್ಯ ಫ್ಲಾರಿಡಾ. ಭಾರತದಲ್ಲಿ ವಾಣಿಜ್ಯ ಬಾಡಿಗೆಯ ಮೇಲೆ ಶೇ. 18ರ ಜಿಎಸ್‌ಟಿ ಇದ್ದರೂ ನೋಂದಾಯಿತ ವರ್ತಕನಿಗೆ ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ದೊರೆಯುತ್ತದೆ; ಅಲ್ಲಿ ಆ ಸೌಲಭ್ಯವಿರಲಿಲ್ಲ. ಕಟ್ಟಿದ ತೆರಿಗೆ ನೇರವಾಗಿ ವೆಚ್ಚದ ಬಾಬ್ತಿಗೇ ಸೇರುತ್ತಿತ್ತು. 2021ರ ಏಪ್ರಿಲ್‌ನಲ್ಲಿ ಡಿಸಾಂಟಿಸ್ ಸಹಿ ಮಾಡಿದ ಕಾಯಿದೆಯು, ವರ್ಷಕ್ಕೆ ಒಂದು ಲಕ್ಷ ಡಾಲರ್‌ಗಿಂತ ಹೆಚ್ಚು ವಹಿವಾಟುಳ್ಳ ಹೊರರಾಜ್ಯದ ಆನ್‌ಲೈನ್ ಮಾರಾಟಗಾರರು ಫ್ಲಾರಿಡಾದ ಮಾರಾಟ ತೆರಿಗೆ ಸಂಗ್ರಹಿಸಬೇಕೆಂದು ವಿಧಿಸಿತು. ಆ ಆದಾಯದಿಂದ ಮೊದಲು ಕೋವಿಡ್‌ನಿಂದ ಬರಿದಾಗಿದ್ದ ನಿರುದ್ಯೋಗ ಪರಿಹಾರ ನಿಧಿಯನ್ನು ತುಂಬುವುದು, ಅನಂತರ ಬಾಡಿಗೆ ತೆರಿಗೆಯನ್ನು ಶೇ. 2ಕ್ಕೆ ಇಳಿಸುವುದು. ಜಮೆಗೆ ತಕ್ಕ ಖರ್ಚು ತೋರಿಸಿದ ಇಂತಹ ತೆರಿಗೆ ಕಾಯಿದೆಗಳು ಯಾವ ದೇಶದಲ್ಲೂ ವಿರಳವೇ. ಇಳಿಕೆ 2024ರ ಜೂನ್‌ನಲ್ಲಿ ಜಾರಿಗೆ ಬಂದಿತು.

ವಿಮೆಯ ವಿಷಯವೂ ಅಂತಹುದೇ. ಚಂಡಮಾರುತಗಳ ಜೊತೆಗೆ ವ್ಯಾಜ್ಯಗಳ ಹೊರೆಯೂ ಸೇರಿ 2022ರಲ್ಲಿ ಹಲವು ಗೃಹವಿಮಾ ಕಂಪನಿಗಳು ದಿವಾಳಿಯಾದವು. ಸರ್ಕಾರಿ ಆಸರೆಯ ಸಿಟಿಜನ್ಸ್ ಸಂಸ್ಥೆಯ ಪಾಲಿಸಿಗಳು ಹತ್ತು ಲಕ್ಷ ಮೀರಿದವು. ದಾವೆ ಗೆದ್ದ ಪಾಲಿಸಿದಾರನ ವಕೀಲರ ಶುಲ್ಕವನ್ನು ಕಂಪನಿಯೇ ಭರಿಸಬೇಕೆಂಬ ಏಕಪಕ್ಷೀಯ ನಿಯಮವನ್ನು ಅದೇ ಡಿಸೆಂಬರ್‌ನಲ್ಲಿ ತೆಗೆದುಹಾಕಲಾಯಿತು. ಪಾಲಿಸಿದಾರನ ಕೈ ಇದರಿಂದ ದುರ್ಬಲವಾಯಿತೆಂಬ ದೂರನ್ನು ತಳ್ಳಿಹಾಕಲಾಗದು. ಆದರೂ ಇದು ಗಂಭೀರ ಆರ್ಥಿಕ ಕಾನೂನು ರಚನೆಯೇ.

ಹೀಗಿರುವಾಗ ಸಾಮಾನ್ಯ ಮತದಾರನಿಗೆ ಇದು ತಿಳಿಯದೆ ಹೋದದ್ದೇಕೆ? ಬಾಡಿಗೆ ತೆರಿಗೆಯ ಕಾಯಿದೆಗೆ ಸಹಿ ಬಿದ್ದದ್ದು ರಾತ್ರಿಯ ವೇಳೆ, ಸದ್ದಿಲ್ಲದೆ. ಶಾಲೆ ಮತ್ತು ಉದ್ಯೋಗಸ್ಥಳಗಳಲ್ಲಿ ಜನಾಂಗ ಕುರಿತ ಬೋಧನೆ, ತರಬೇತಿಗಳನ್ನು ನಿರ್ಬಂಧಿಸುವ ಕಾಯಿದೆಗೆ 2022ರ ಏಪ್ರಿಲ್ 22ರಂದು ಸಹಿ ಬಿದ್ದದ್ದು ಮಕ್ಕಳ ನಡುವೆ, ಕ್ಯಾಮೆರಾಗಳ ಮುಂದೆ. ಯಾವುದನ್ನು ಅಂಗಡಿಯ ಮುಂಭಾಗದಲ್ಲಿಡಬೇಕೆಂದು ನಿರ್ಧರಿಸಿದವರು ವಿರೋಧಿಗಳಲ್ಲ, ಸ್ವತಃ ಗವರ್ನರ್.

ಅದೇ ದಿನ ಸಹಿಯಾದ ಇನ್ನೊಂದು ಕಾಯಿದೆ ವರ್ತಕರಿಗೆ ಹೆಚ್ಚು ಮುಖ್ಯವಾದುದು. ಶಾಲಾ ಕಾನೂನೊಂದನ್ನು ಟೀಕಿಸಿದ ಡಿಸ್ನಿ ಕಂಪನಿಗೆ 1967ರಿಂದ ಇದ್ದ ವಿಶೇಷ ಆಡಳಿತ ಜಿಲ್ಲೆಯನ್ನು ವಿಸರ್ಜಿಸುವ ನಿರ್ಣಯ ಅದು. ಆ ಜಿಲ್ಲೆ ಎತ್ತಿದ್ದ ಸುಮಾರು 100 ಕೋಟಿ ಡಾಲರ್ ಬಾಂಡ್ ಸಾಲ ಯಾರ ತಲೆಗೆ ಬೀಳಬೇಕು? ಶಾಸನದಲ್ಲಿ ಉತ್ತರವಿರಲಿಲ್ಲ, ನೆರೆಯ ಆರೆಂಜ್, ಆಸಿಯೋಲಾ ಕೌಂಟಿಗಳ ತೆರಿಗೆದಾರರು ಕಂಗಾಲಾದರು. 2023ರ ಫೆಬ್ರುವರಿಯಲ್ಲಿ ವಿಸರ್ಜನೆಯನ್ನು ಕೈಬಿಟ್ಟು, ಜಿಲ್ಲೆಯನ್ನು ಉಳಿಸಿ, ಗವರ್ನರ್ ನೇಮಿಸುವ ಮಂಡಳಿಗೆ ಒಪ್ಪಿಸಲಾಯಿತು. ವಿಶೇಷ ಸವಲತ್ತು ಒಂದೇ ಕಂಪನಿಗೆ ಏಕೆಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಐವತ್ತೈದು ವರ್ಷ ಕೇಳದ ಪ್ರಶ್ನೆಯನ್ನು ಕಂಪನಿ ಬಾಯಿ ತೆರೆದ ತಿಂಗಳಲ್ಲೇ ಕೇಳಿದರೆ ಅದು ಸುಧಾರಣೆಯೆನಿಸದು, ದಂಡನೆಯೆನಿಸುತ್ತದೆ. ಮೇ 2023ರಲ್ಲಿ ಡಿಸ್ನಿ, ಸುಮಾರು 2,000 ಉದ್ಯೋಗಗಳ ಒರ್ಲ್ಯಾಂಡೊ ಕಚೇರಿ ಯೋಜನೆಯನ್ನು ಕೈಬಿಟ್ಟಿತು. ಬದಲಾದ ವ್ಯಾಪಾರ ಪರಿಸ್ಥಿತಿಯೂ ಅದಕ್ಕೆ ಒಂದು ಕಾರಣವೆಂದಿತು. ಮಾರ್ಚ್ 2024ರಲ್ಲಿ ರಾಜಿಯಾಯಿತು.

ಅಧ್ಯಕ್ಷ ಚುನಾವಣೆಯ ಕಣಕ್ಕಿಳಿದ ಎರಡು ತಿಂಗಳ ಬಳಿಕ, ಜುಲೈ 2023ರ ಕೊನೆಯಲ್ಲಿ, ಡಿಸಾಂಟಿಸ್ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಆರ್ಥಿಕ ಕಾರ್ಯಕ್ರಮ ಮಂಡಿಸಿದರು. ಶೇ. 3ರ ಬೆಳವಣಿಗೆಯ ಗುರಿ, ಚೀನಾಕ್ಕೆ ನೀಡಿದ್ದ ವಾಣಿಜ್ಯ ಸ್ಥಾನಮಾನದ ರದ್ದತಿ ಅದರಲ್ಲಿದ್ದವು. ಮೂರಕ್ಕೇರುವುದು ಹೇಗೆಂಬ ಲೆಕ್ಕ ಮಾತ್ರ 2021ರ ಕಾಯಿದೆಯಲ್ಲಿದ್ದಷ್ಟು ಸ್ಪಷ್ಟವಾಗಿರಲಿಲ್ಲ. ಅಯೋವಾದಲ್ಲಿ ಬಹು ದೂರದ ಎರಡನೇ ಸ್ಥಾನ ಪಡೆದು, 2024ರ ಜನವರಿ 21ರಂದು ಅವರು ಹಿಂದೆ ಸರಿದರು.

ಬಾಡಿಗೆ ತೆರಿಗೆ ಸಂಪೂರ್ಣವಾಗಿ ರದ್ದಾದದ್ದು 2025ರ ಅಕ್ಟೋಬರ್ 1ರಂದು, ಅವರು ಕಣ ಬಿಟ್ಟು ಇಪ್ಪತ್ತು ತಿಂಗಳು ಕಳೆದ ಮೇಲೆ.