ಮರಳು ಅರೆಯೋ ಗಿಳಿಮೀನು

ಮಾಲ್ಡೀವ್ಸ್‌ಗೆ ಹೋಗಿಬಂದವರ ಫೋಟೊಗಳಲ್ಲಿ ಬೆಳ್ಳಗೆ ಹೊಳೆಯೋ ಮರಳು ನೋಡಿದ್ದೀರಲ್ವಾ? ಅದರಲ್ಲಿ ದೊಡ್ಡ ಪಾಲು ಗಿಳಿಮೀನಿನ ಹಿಕ್ಕೆ ಅಂದ್ರೆ ನಂಬ್ತೀರಾ?

ಹಸಿರು, ನೀಲಿ, ಗುಲಾಬಿ ಮೈಬಣ್ಣ. ಹಲ್ಲುಗಳೆಲ್ಲ ಕೂಡಿಕೊಂಡು ಥೇಟ್ ಗಿಳಿಯ ಕೊಕ್ಕು! ಸತ್ತ ಹವಳದ ಮೇಲಿನ ಪಾಚಿಯನ್ನು ಕಲ್ಲಿನ ಸಮೇತ ಕೆರೆದು ತಿನ್ನುತ್ತೆ. ಗಂಟಲೊಳಗಿನ ಹಲ್ಲುಗಳು ಅದನ್ನು ನುಣ್ಣಗೆ ಅರೆಯುತ್ತವೆ. ಪಾಚಿ ಹೊಟ್ಟೆಗೆ, ಹವಳದ ಪುಡಿ ಕಡಲಿಗೆ. ದೊಡ್ಡ ಮೀನೊಂದು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತೆ. ರಾತ್ರಿ ಕೆಲವು ಜಾತಿಯವು ಲೋಳೆಯ ಪರದೆ ಹೊದ್ದು ಮಲಗುತ್ತವೆ, ರಕ್ತ ಹೀರೋ ಪುಟ್ಟ ಜೀವಿಗಳ ಕಾಟ ತಪ್ಪಿಸಿಕೊಳ್ಳೋಕೆ.

ಈ ಮೀನು ಕಡಿಮೆಯಾದರೆ ಪಾಚಿ ಹಬ್ಬಿ, ಎಳೆ ಹವಳಕ್ಕೆ ಕಾಲೂರಲು ಜಾಗವೇ ಸಿಗೋದಿಲ್ಲ. ಅದಕ್ಕೇ ಮಧ್ಯ ಅಮೆರಿಕದ ಬೆಲೀಜ್ ದೇಶ 2009ರಲ್ಲಿ ಇದನ್ನು ಹಿಡಿಯುವುದನ್ನೇ ನಿಷೇಧಿಸಿತು.

ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲೂ ಗಿಳಿಮೀನುಗಳಿವೆ. ಡೈವಿಂಗ್‌ಗೆ ಹೋದರೆ ಕಿವಿಗೊಟ್ಟು ಕೇಳಿ, ಹವಳ ಕಡಿಯೋ ಕರಕರ ಸದ್ದು ಕೇಳಿಸೀತು.